ಯೂರಿಯಾ ಬದಲು ಬಾಟಲಿ ಕೊಟ್ಟರೆ ಲೇಬಲ್ ಓದದೆ ತಗೋಬೇಡಿ

ಬರೆಯೋದಕ್ಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ನನಗೆ ಬಾಟಲಿ ಕಟ್ಟಿದ ಗೊಬ್ಬರದ ಅಂಗಡಿ ಮುಂದೆ ಈಗಲೂ ಜನ ನಿಂತಿದ್ದಾರೆ.

ನಮ್ಮದು ಹರಿಹರದ ಕಡೆ, ಎರಡು ಎಕರೆ ಕಬ್ಬು. ಏಪ್ರಿಲ್‌ನಲ್ಲಿ ಕಡಿಸಿ ಕೂಳೆ ಬಿಟ್ಟಿದ್ದೆ, ಅಂದರೆ ಅದೇ ಬುಡದಿಂದ ಮತ್ತೆ ಚಿಗುರಲು. ಮೇನಲ್ಲಿ ನಾಲ್ಕು ಚೀಲ ಯೂರಿಯಾ ಹಾಕಿದ್ದೆ. ಜುಲೈನಲ್ಲಿ ಇನ್ನು ಆರು ಚೀಲ ಹಾಕಿ ಮಣ್ಣು ಏರಿಸಬೇಕಿತ್ತು. ಜುಲೈ ಅಂದರೆ ದಾವಣಗೆರೆ ಸೀಮೆಯಲ್ಲಿ ಹೇಗಿರುತ್ತೆ ಗೊತ್ತಲ್ವಾ? ಮೆಕ್ಕೆಜೋಳದವರೆಲ್ಲ ಒಟ್ಟಿಗೇ ಯೂರಿಯಾಕ್ಕೆ ಬಂದಿರುತ್ತಾರೆ.

"ಗೊಬ್ಬರದ ರೈಲು ರೇಕ್ ಬಂದಿಲ್ಲ ಅಣ್ಣಾ, ಸ್ಟಾಕ್ ನಿಲ್" ಅಂದ ಅಂಗಡಿಯವನು. ನಾಲ್ಕು ದಿನ ಅಲೆದೆ. ಐದನೇ ದಿನ ಒಳಗೆ ಕರೆದು, ಕುರ್ಚಿ ಹಾಕಿ, ಟೀ ತರಿಸಿದ. ಟೀ ಬಂದಾಗಲೇ ನನಗೆ ಹೊಳೆಯಬೇಕಿತ್ತು. ಅರ್ಧ ಲೀಟರ್ ಬಾಟಲಿ ಒಂದನ್ನು ಮುಂದಿಟ್ಟು, "ಲಿಕ್ವಿಡ್ ಸಾರಜನಕ ಅಣ್ಣಾ. ಒಂದು ಬಾಟಲಿ ಅಂದ್ರೆ ಒಂದು ಚೀಲ. ಚೀಲ ಹೊರೋದು ಬೇಡ, ಏನೂ ಬೇಡ" ಅಂದ. ಬಾಟಲಿಗೆ 600 ರೂಪಾಯಿ. ಆರು ತಗೊಂಡೆ, 3,600 ಕೊಟ್ಟೆ. ಆರು ಚೀಲ ಯೂರಿಯಾಕ್ಕೆ 1,600 ಕೂಡ ಆಗುತ್ತಿರಲಿಲ್ಲ. 45 ಕೆಜಿ ಚೀಲದ ಮೇಲೇ 266.50 ಅಂತ ಅಚ್ಚು ಹಾಕಿರುತ್ತಾರೆ. ಬಿಲ್ ಕೇಳಿದ್ದಕ್ಕೆ ಒಂದು ಕೈಚೀಟಿ ಕೊಟ್ಟ. ಯೂರಿಯಾಕ್ಕೆ ಒತ್ತಿಸಿಕೊಳ್ಳುವ ಹಾಗೆ ಮಷಿನ್ ಮೇಲೆ ಹೆಬ್ಬೆಟ್ಟೂ ಒತ್ತಿಸಿಕೊಳ್ಳಲಿಲ್ಲ. "ಇದಕ್ಕೆ ಅದೆಲ್ಲ ಬೇಡ ಅಣ್ಣಾ" ಅಂದ.

ಎರಡು ದಿನ ಆಳಿಟ್ಟು ಹೊಡೆಸಿದೆ. ಗರಿ ಗೀರಿ ಆಳುಗಳ ಕೈಯೆಲ್ಲ ಉರಿ. ಅವರ ಕೂಲಿ ಬೇರೆ.

ಮೂರು ವಾರಕ್ಕೆ ಕೆಳಗಿನ ಗರಿಗಳು ಹಳದಿ ತಿರುಗಿದವು. ಸಾರಜನಕ ಸಾಲದಿದ್ದರೆ ಗಿಡ ಹಳೇ ಗರಿಯಿಂದ ಕಿತ್ತು ಹೊಸ ಗರಿಗೆ ಕೊಡುತ್ತೆ, ಅದಕ್ಕೇ ಕೆಳಗಿನಿಂದ ಶುರುವಾಗುತ್ತೆ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಅವನನ್ನೇ ಕೇಳಲು ಹೋದೆ ನೋಡಿ!

"ಮಳೆ ಜಾಸ್ತಿ ಆಯ್ತಲ್ಲ ಅಣ್ಣಾ, ಅದಕ್ಕೆ" ಅಂದ. ಪಕ್ಕದ ಹೊಲದ ಕಬ್ಬಿಗೂ ಅದೇ ಮಳೆ, ಅದು ಕಪ್ಪಗೆ ನಿಂತಿದೆ ಅಂದೆ. "ನೀವು ಬೆಳಗ್ಗೆ ಹೊಡೆದ್ರೋ ಸಂಜೆಯೋ?" ಸಂಜೆ ಅಂದೆ. "ಅಲ್ಲೇ ತಪ್ಪಾಗಿದ್ದು, ಬೆಳಗ್ಗೆ ಹೊಡೀಬೇಕಿತ್ತು." ಬೆಳಗ್ಗೆ ಅಂದಿದ್ದರೆ ಸಂಜೆ ಅನ್ನುತ್ತಿದ್ದ. ಕೊನೆಗೆ, "ಇನ್ನೊಂದು ಡೋಸ್ ಹೊಡೀರಿ, ಸರಿ ಹೋಗುತ್ತೆ" ಅಂದ.

ಮನೆಗೆ ಬಂದು ಉಳಿದಿದ್ದ ಒಂದು ಬಾಟಲಿಯ ಲೇಬಲ್ ಓದಿದೆ. ಅವತ್ತೇ ಮೊದಲ ಸಲ ಓದಿದ್ದು. ಸಣ್ಣ ಅಕ್ಷರದಲ್ಲಿ, ಸಾರಜನಕ 4%. ಅರ್ಧ ಲೀಟರಿನಲ್ಲಿ 4% ಅಂದರೆ ಸುಮಾರು 20 ಗ್ರಾಂ. ಯೂರಿಯಾದಲ್ಲಿ 46%. 45 ಕೆಜಿ ಚೀಲದಲ್ಲಿ 20 ಕೆಜಿಗೂ ಮೇಲೆ. ಇಲ್ಲಿ ಗ್ರಾಂ, ಅಲ್ಲಿ ಕೆಜಿ. ಆರು ಬಾಟಲಿ ಸೇರಿದರೂ 120 ಗ್ರಾಂ. ಆರು ಚೀಲ ಆಗಿದ್ದರೆ 124 ಕೆಜಿ. ಎಕರೆಗೆ ಹತ್ತಿರ ಹತ್ತಿರ 100 ಕೆಜಿ ಸಾರಜನಕ ಬೇಡುವ ಬೆಳೆ ಇದು. ಕೂಳೆಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕು.

ನಾನು ಊರಿನ ಹಾಲಿನ ಡೇರಿಯಲ್ಲಿ ಲೆಕ್ಕ ಬರೆಯುವವನು. ಫ್ಯಾಟ್ 3.5, ಫ್ಯಾಟ್ 4 ಅಂತ ದಿನಾ ಎರಡು ಹೊತ್ತು ಬರೆಯುವ ಕೈ ಇದು. ನನ್ನ ಕಣ್ಣಿಗೇ ಆ 4 ಬೀಳಲಿಲ್ಲ.

ಒಡೆಯದ ಬಾಟಲಿ ವಾಪಸ್ ತಗೋ ಅಂತ ಹೋದರೆ, "ಸ್ಕೀಮ್ ಮಾಲು, ವಾಪಸ್ ಇಲ್ಲ. ಓದಿದವರು ನೀವು, ನೋಡಿ ತಗೋಬೇಕಪ್ಪ" ಅಂದ. ಜುಲೈನಲ್ಲಿ ಅಣ್ಣ ಆಗಿದ್ದವನು ಆಗಸ್ಟ್‌ನಲ್ಲಿ ಅಪ್ಪ ಆಗಿದ್ದೆ. ನಾನು ಹೊರಗೆ ಬರುವಾಗ ಹಿಂದಿನ ಗೋಡೌನಿನಿಂದ ಟೆಂಪೋಗೆ ಯೂರಿಯಾ ಚೀಲ ತುಂಬುತ್ತಿದ್ದರು. ಸ್ಟಾಕ್ ನಿಲ್ ಅಂತೆ.

ಮುಂದಿನದು ನನ್ನದೇ ದಡ್ಡತನ. ಅಕ್ಟೋಬರಿನಲ್ಲಿ ಬೇರೆ ಕಡೆ ಯೂರಿಯಾ ಸಿಕ್ಕಿತು. ಸಿಟ್ಟಿನಲ್ಲಿ ಆರೂ ಚೀಲ ಒಂದೇ ಸಲ ಸುರಿದೆ. ದೊಡ್ಡ ಮಣ್ಣು ಏರಿಸುವ ಹೊತ್ತಿಗೆ ಸಾರಜನಕ ಕೊಟ್ಟು ಮುಗಿದಿರಬೇಕು, ತಡವಾಗಿ ಕೊಟ್ಟರೆ ಕಬ್ಬು ಮಾಗುವುದು ಬಿಟ್ಟು ಸೊಪ್ಪು ಬೆಳೆಸುತ್ತೆ, ಸಿಹಿ ಇಳಿಯುತ್ತೆ. ಗೊತ್ತಿದ್ದೂ ಸುರಿದೆ. ಬುಡದಲ್ಲಿ ಹೊಸ ಮರಿ ಬಂದವು, ಗಾಳಿಗೆ ಅರ್ಧ ಕಬ್ಬು ಮಲಗಿತು. ಬಿದ್ದ ಕಬ್ಬು ನೋಡಿ ಕಡಿಯುವ ಗ್ಯಾಂಗಿನವರು ಜಾಸ್ತಿ ದುಡ್ಡು ಕೇಳಿದರು. ಎಕರೆಗೆ 42 ಟನ್ ಬರುತ್ತಿದ್ದ ಹೊಲ 31ಕ್ಕೆ ನಿಂತಿತು.

ಯಾರೇ ಬಾಟಲಿ ಕೊಟ್ಟರೂ ಸಾರಜನಕ ಎಷ್ಟು ಪರ್ಸೆಂಟ್ ಅಂತ ನೋಡಿ, ತೂಕಕ್ಕೆ ಗುಣಿಸಿ. ಅಲ್ಲೇ, ಅವನ ಮುಂದೇನೇ. ಯೂರಿಯಾ ಬೇಕಾದರೆ ಇದನ್ನೂ ತಗೋ ಅಂತ ಕಟ್ಟಿಹಾಕುವ ಹಾಗಿಲ್ಲ. ಹಾಗೆ ಮಾಡಿದರೆ ರೈತ ಸಂಪರ್ಕ ಕೇಂದ್ರಕ್ಕೆ ದೂರು ಬರೆದು ಕೊಡಿ. ಆದರೆ ಬಿಲ್ ಇಟ್ಟುಕೊಂಡಿರಿ. ನನ್ನ ಕೈಚೀಟಿಯಲ್ಲಿ ಅಂಗಡಿಯ ಹೆಸರೇ ಇಲ್ಲ, "6 ಪೀಸ್, 3600" ಅಂತ ಮಾತ್ರ ಇದೆ. ಅದನ್ನು ಹಿಡಿದು ಹೋದರೆ ಅಲ್ಲಿನವರು ತಿರುಗಿಸಿ ತಿರುಗಿಸಿ ನೋಡಿ ನನಗೇ ವಾಪಸ್ ಕೊಟ್ಟರು.

ಒಡೆಯದ ಆ ಬಾಟಲಿ ಡೇರಿಯ ಮೇಜಿನ ಮೇಲಿದೆ. ಹಾಲು ಹಾಕಲು ಬಂದವರಿಗೆಲ್ಲ ಲೇಬಲ್ ಓದಿಸುತ್ತಿದ್ದೇನೆ. ನಮ್ಮ ಊರಿನಲ್ಲೇ ಇನ್ನೂ ಮೂವರು ಅದೇ ಬಾಟಲಿ ತಂದಿದ್ದಾರಂತೆ. ಇಷ್ಟು ದಿನ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ.