ಅಮ್ಮನ ದೀಪ ಮತ್ತು ಆರದ ಹಸಿರು ಚುಕ್ಕೆ

ಈ ವಿಮರ್ಶೆ 2021ರಲ್ಲಿ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯೊಂದರಲ್ಲಿ ₹450 ಕೊಟ್ಟು ತಂದ ಬೋರ್ಡಿನದು. ಆರ್ಡುಯಿನೋ ಊನೋ (ನಾವೇ ಪ್ರೋಗ್ರಾಮ್ ಬರೆದು ನಡೆಸಬಹುದಾದ ಪುಟ್ಟ ಸರ್ಕ್ಯೂಟ್ ಬೋರ್ಡ್) ಮಾದರಿಯ ನಕಲು, ಒಳಗಿರುವುದು ಎಟಿಮೆಗಾ 328ಪಿ ಚಿಪ್. ಅಂದಿನಿಂದ ಅಮ್ಮನ ಮಲಗುವ ಕೋಣೆಯಲ್ಲಿ ಒಂದು ಗೇಣುದ್ದದ ಎಲ್ಇಡಿ ಪಟ್ಟಿಯನ್ನು ರಾತ್ರಿಯಿಡೀ ಕಾಯುತ್ತಿದೆ.

ಮೊದಲು ನನ್ನ ಸಿಟ್ಟು. ಬೋರ್ಡಿಗೆ ವಿದ್ಯುತ್ ಬಂದಿದೆ ಎಂದು ಸಾರುವ ಪುಟ್ಟ ಹಸಿರು ದೀಪ ಒಂದಿದೆಯಲ್ಲ, ಅದು ಯಾವ ಪ್ರೋಗ್ರಾಮಿನ ಮಾತನ್ನೂ ಕೇಳುವುದಿಲ್ಲ. ನೇರವಾಗಿ ವಿದ್ಯುತ್ತಿಗೇ ಬೆಸೆದುಬಿಟ್ಟಿದ್ದಾರೆ. ಪಟ್ಟಿಯ ಬೆಳಕನ್ನು ಕೂದಲೆಳೆಯಷ್ಟು ಇಳಿಸಲು ನಾನು ವಾರಗಟ್ಟಲೆ ಹೆಣಗುತ್ತಿದ್ದರೆ, ಈ ಚುಕ್ಕೆ ಗೋಡೆಗೆಲ್ಲ ಹಸಿರು ಬಳಿಯುತ್ತಿತ್ತು. ಕಪ್ಪು ಟೇಪ್ ಹುಡುಕುತ್ತಿದ್ದಾಗ ಅಮ್ಮ ತಮ್ಮ ಹಣೆಯ ಸ್ಟಿಕರ್ ಬೊಟ್ಟನ್ನು ತೆಗೆದು ಅದರ ಮೇಲೆ ಒತ್ತಿಬಿಟ್ಟರು. ಮೂರು ತಿಂಗಳಿಗೊಮ್ಮೆ ಅಂಟು ಬಿಟ್ಟು ಉದುರುತ್ತದೆ, ಹೊಸದು ಏರುತ್ತದೆ.

ಅಮ್ಮನ ದಿನಚರಿ ಹೀಗೆ: ಒಂಬತ್ತೂವರೆಗೆ ಮಾತ್ರೆ, ನೀರು, ಆಮೇಲೆ ಗುಂಡಿ. ಹಳೆಯ ರೇಡಿಯೋದಿಂದ ಕಿತ್ತು ಹಾಕಿದ ಆ ಗುಂಡಿಯನ್ನು ಬೇಕಾದಷ್ಟು ತಿರುಗಿಸಿ ಬಿಡುತ್ತಾರೆ. ಅಲ್ಲಿಂದ ನಲವತ್ತು ನಿಮಿಷದಲ್ಲಿ ಬೆಳಕು ತಾನಾಗಿ ಕರಗಬೇಕು. ಮೊದಲ ವಾರ ಸಿದ್ಧ ಆಜ್ಞೆಯಾದ ಅನಲಾಗ್‌ರೈಟ್‌ನಲ್ಲೇ ಮುಗಿಸೋಣ ಎಂದುಕೊಂಡೆ. ಅದರಲ್ಲಿರುವುದು 0ಯಿಂದ 255ರವರೆಗಿನ ಮೆಟ್ಟಿಲುಗಳು. ಮೇಲೆ ಇರುವಾಗ ಗೊತ್ತಾಗುವುದಿಲ್ಲ. ಕೆಳಗೆ 2ರಿಂದ 1ಕ್ಕೆ ಬಂದರೆ ಬೆಳಕು ಅರ್ಧಕ್ಕೆ ಕುಸಿಯುತ್ತದೆ, ಕತ್ತಲಿಗೆ ಒಗ್ಗಿದ ಕಣ್ಣಿಗೆ ಯಾರೋ ಎಡವಿದಂತೆ ಕಾಣುತ್ತದೆ. ನಡುನಡುವೆ ಡಿಲೇ, ಅಂದರೆ ಇಷ್ಟು ಹೊತ್ತು ಸುಮ್ಮನೆ ಕಾಯಿ ಎಂಬ ಆಜ್ಞೆ, ಹಾಕಿದ್ದರಿಂದ ಗುಂಡಿ ತಿರುಗಿಸಿದರೂ ದೀಪಕ್ಕೆ ತಡವಾಗಿ ಕಿವಿ ಕೇಳುತ್ತಿತ್ತು.

ಹಾಗಾಗಿ ಟೈಮರ್‌ಗಳಿಗೆ ಕೈಹಾಕಿದೆ, ಅಂದರೆ ಚಿಪ್ಪಿನೊಳಗೆ ತಾವಾಗಿ ಎಣಿಸುತ್ತಿರುವ ಎಣಿಕೆಯಂತ್ರಗಳಿಗೆ. ಈ ಚಿಪ್ಪಿನ ಮೂರು ಟೈಮರ್‌ಗಳಲ್ಲಿ ಟೈಮರ್ 1 ಮಾತ್ರ 16 ಬಿಟ್‌ನದು, ಅಂದರೆ 65535ರವರೆಗೆ ಎಣಿಸಬಲ್ಲದು. 16 ಮೆಗಾಹರ್ಟ್ಸ್ ಗಡಿಯಾರವನ್ನು ಭಾಗಿಸದೆ ಕೊಟ್ಟು 15999ರವರೆಗೆ ಎಣಿಸಲು ಬಿಟ್ಟರೆ ದೀಪ ಸೆಕೆಂಡಿಗೆ ಸಾವಿರ ಬಾರಿ ಹೊತ್ತಿ ಆರಿ ಮಿಡಿಯುತ್ತದೆ (ಹೊತ್ತಿರುವ ಪಾಲು ಹೆಚ್ಚಿದಷ್ಟೂ ಬೆಳಕು ಹೆಚ್ಚು), ಮೆಟ್ಟಿಲು 255ರ ಬದಲು ಹದಿನಾರು ಸಾವಿರ. ಬೆಳಕು ಇಳಿಸುವ ಕೆಲಸ ಟೈಮರ್ 2ರದು. ಅದು ಸೆಕೆಂಡಿಗೆ ಸುಮಾರು 61 ಬಾರಿ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ನುಗ್ಗುವ ಕರೆ) ಕೊಟ್ಟು, ಮುಖ್ಯ ಪ್ರೋಗ್ರಾಮ್ ಬರೆದಿಟ್ಟ ಗುಂಡಿಯ ಅಂಕಿಯನ್ನು ಓದಿ, ಹೊತ್ತಿಗೆ ತಕ್ಕಷ್ಟು ಕಳೆದು ಟೈಮರ್ 1ಕ್ಕೆ ಒಪ್ಪಿಸುತ್ತದೆ. ಮೊದಲ ರಾತ್ರಿ ದೀಪ ಎಷ್ಟು ಹೊತ್ತಿಗೆ ಆರಿತೆಂದು ನನಗೂ ತಿಳಿಯಲಿಲ್ಲ, ನೋಡುತ್ತಲೇ ಕುಳಿತಿದ್ದರೂ.

ಎರಡನೆಯ ತಿಂಗಳು ದೀಪ ಕಣ್ಣು ಹೊಡೆಯತೊಡಗಿತು. ನಿಮಿಷಕ್ಕೆ ಒಂದೆರಡು ಬಾರಿ, ಚಕ್ಕನೆ. ನಕಲು ಬೋರ್ಡಿನ ಹಣೆಬರಹ ಇಷ್ಟೇ ಎಂದುಕೊಂಡೆ. ಅಡಾಪ್ಟರ್ ಬದಲಿಸಿದೆ, ಕೆಪಾಸಿಟರ್ ಬೆಸೆದೆ, ಕೊನೆಗೆ ಅಂಗಡಿಗೆ ಹೋಗಿ ಜಗಳವನ್ನೂ ಆಡಿದೆ. ಅಂಗಡಿಯವರು ಮರುಮಾತಿಲ್ಲದೆ ಇನ್ನೊಂದು ಬೋರ್ಡ್ ಕೊಟ್ಟರು. ಅದೂ ಮಿಟುಕಿತು.

“ಗುಂಡಿ ಇಲ್ಲಿದ್ದರೆ ಮಾತ್ರ ಹೀಗೆ. ಒಂದು ಚೂರು ಆಚೆ ತಂದರೆ ಸುಮ್ಮನಿರುತ್ತದೆ ನೋಡು” ಎಂದರು ಅಮ್ಮ.

ಅದೇ ಸುಳಿವು. ಅವರಿಗೆ ಹಿತವಾದ ಆ ಜಾಗದಲ್ಲಿ ಅಂಕಿ 256ರ ಆಚೆ ಈಚೆ ತೂಗಾಡುತ್ತಿತ್ತು. ಈ ಚಿಪ್ 8 ಬಿಟ್‌ನದು, ಒಂದು ತುತ್ತಿನಲ್ಲಿ 255ರವರೆಗೆ ಮಾತ್ರ ಹಿಡಿಯುತ್ತದೆ; 16 ಬಿಟ್‌ನ ಅಂಕಿಯನ್ನು ಎರಡು ತುತ್ತಾಗಿ ಬರೆಯುತ್ತದೆ. ಒಂದು ತುತ್ತು ಬರೆದು ಇನ್ನೊಂದು ಬರೆಯುವಷ್ಟರಲ್ಲಿ ಇಂಟರಪ್ಟ್ ನುಗ್ಗಿದರೆ ಅದಕ್ಕೆ ಸಿಗುವುದು ಅರ್ಧ ಹಳೆಯದು, ಅರ್ಧ ಹೊಸದು. ಒಮ್ಮೆ ಸೊನ್ನೆ, ಒಮ್ಮೆ ಹೆಚ್ಚುಕಡಿಮೆ ಇಮ್ಮಡಿ. ಅಂಕಿಗೆ ವೊಲಟೈಲ್ (ಯಾವಾಗ ಬೇಕಾದರೂ ಬದಲಾಗಬಹುದು, ಪ್ರತಿ ಸಲ ಹೊಸದಾಗಿ ಓದು) ಎಂದು ಬರೆದಿದ್ದೆ, ಅದೇ ಸಾಕೆಂಬ ಧೈರ್ಯವಿತ್ತು. ಸಾಲದು. ಬರೆಯುವ ಮುನ್ನ ಇಂಟರಪ್ಟ್ ತಡೆದು, ಬರೆದ ಮೇಲೆ ಬಿಡಬೇಕು. ಎರಡೇ ಸಾಲು ಸೇರಿಸಿದೆ, ಅಂದಿನಿಂದ ಇಂದಿನವರೆಗೆ ಮಿಟುಕಿಲ್ಲ.

ಬೋರ್ಡಿಗೆ ಐದರಲ್ಲಿ ಎರಡು ಸ್ಟಾರ್ ಕೊಡಬೇಕೆಂದು ಬರೆಯಲು ಕುಳಿತವನು ನಾಲ್ಕು ಕೊಡುತ್ತಿದ್ದೇನೆ. ಐದನೆಯದು ಆ ಹಸಿರು ದೀಪದಿಂದಾಗಿ ತಪ್ಪಿತು. ಅಂಗಡಿಯವರು ಕೊಟ್ಟ ಎರಡನೆಯ ಬೋರ್ಡನ್ನು ಹಿಂತಿರುಗಿಸಲು ಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಅದೀಗ ದೇವರ ಮನೆಯಲ್ಲಿದೆ, ಅದರ ಮೇಲೂ ಒಂದು ಬೊಟ್ಟಿದೆ.