ಬಿಡಿ ಸಂಚಿಕೆ, ಟ್ಯಾಬ್, ಸಂಪುಟ: ಹೊಸ ಸ್ಪೈಡರ್‌ಮ್ಯಾನನ್ನು ಯಾವುದರಲ್ಲಿ ಓದೋದು?

ಆರು ಸಂಚಿಕೆ ಸೇರಿಸಿ ಒಂದೇ ಪುಸ್ತಕವಾಗಿ ಬರುವ ಸಂಪುಟವೇ ನನಗೆ ಇಷ್ಟ. ಮೊದಲೇ ಹೇಳಿಬಿಡುತ್ತೇನೆ, ಕೆಳಗೆ ಬರೆದದ್ದೆಲ್ಲ ಆ ಕಡೆಗೇ ವಾಲುತ್ತದೆ. ಬಿಡಿ ಸಂಚಿಕೆ ತರಿಸಿ ನೋಡಿದ್ದೇನೆ, ಟ್ಯಾಬಿನಲ್ಲಿ ಚಂದಾ ಕಟ್ಟಿಯೂ ಓದಿದ್ದೇನೆ. ಕಥೆ ಮೂರರಲ್ಲೂ ಒಂದೇ: 2024ರ ಜನವರಿಯಲ್ಲಿ ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್ ಹೊಸದಾಗಿ ಶುರುಮಾಡಿದ ‘ಅಲ್ಟಿಮೇಟ್ ಸ್ಪೈಡರ್‌ಮ್ಯಾನ್’. ಬರೆದವರು ಜೊನಾಥನ್ ಹಿಕ್‌ಮನ್, ಹೆಚ್ಚಿನ ಚಿತ್ರಗಳು ಮಾರ್ಕೊ ಕೆಕ್ಕೆಟ್ಟೊ ಅವರದು.

ಇದೇ ಹೆಸರಿನ ಸರಣಿ 2000ದಲ್ಲೂ ಬಂದಿತ್ತು. ಅದರ ಪೀಟರ್ ಪಾರ್ಕರ್, ಅಂದರೆ ಸ್ಪೈಡರ್‌ಮ್ಯಾನ್ ಆಗುವವನು, ಶಾಲೆಗೆ ಹೋಗುವ ಹುಡುಗ. ಈ ಸಲ ಅವನಿಗೆ ಮೂವತ್ತು ದಾಟಿದೆ, ಗಡ್ಡ ಬಿಟ್ಟಿದ್ದಾನೆ, ಮೇರಿ ಜೇನ್ ಜೊತೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ. ಶಕ್ತಿ ಕೊಡುವ ಆ ಜೇಡ ಕಚ್ಚುವುದೇ ಈಗ. 1962ರ ಮೊದಲ ಕಥೆಯಿಂದ ಸಾಯುತ್ತಲೇ ಬಂದಿದ್ದ ಬೆನ್ ಚಿಕ್ಕಪ್ಪ ಇಲ್ಲಿ ಬದುಕಿದ್ದಾರೆ, ತೀರಿಹೋದದ್ದು ಮೇ ಚಿಕ್ಕಮ್ಮ. ಮಕ್ಕಳನ್ನು ಶಾಲೆಗೆ ಹೊರಡಿಸಿ ರೈಲಿಗೆ ಓಡುವ ನನ್ನಂಥವನಿಗೆ ಈ ಪೀಟರ್ ಹಿಡಿಸದೆ ಇರುತ್ತಾನಾ? ಹದಿನೆಂಟರ ಹುಡುಗರು ಇದನ್ನು ನನ್ನಷ್ಟು ಮೆಚ್ಚಲಾರರು ಅನ್ನುವುದು ನನ್ನ ಗುಮಾನಿ.

ಬಿಡಿ ಸಂಚಿಕೆಗೆ ಒಂದು ದೊಡ್ಡ ಮೆಚ್ಚುಗೆ ಸಲ್ಲಲೇಬೇಕು. ಈ ಸರಣಿಯಲ್ಲಿ ಕಥೆಯ ಕಾಲವೂ ನಮ್ಮ ಕಾಲದ ಜೊತೆಗೇ ಓಡುತ್ತದೆ. ಒಂದು ಸಂಚಿಕೆಯಿಂದ ಇನ್ನೊಂದಕ್ಕೆ ಅವರಿಗೂ ತಿಂಗಳು ಕಳೆದಿರುತ್ತದೆ, ನಮಗೂ. ಹಾಗಾಗಿ ತಿಂಗಳಿಗೊಂದರಂತೆ ಓದುವುದೇ ಸರಿಯಾದ ಕ್ರಮ ಅಂತ ನಾನೂ ನಂಬಿದ್ದೆ. ಬೆಂಗಳೂರಿನಲ್ಲೋ ಮುಂಬೈಯಲ್ಲೋ ಅಂಗಡಿಗೆ ಹೋಗಿ ಕೈಯಾರೆ ತರುವವರಿಗೆ ಈ ಮಾತು ಈಗಲೂ ಸರಿಯೇ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಕೂತು ತರಿಸುವವರ ಪಾಡು ಬೇರೆ. ಆರ್ಡರ್ ಮಾಡುವಾಗ ಮನೆ ನಂಬರ್ ಕೇಳುತ್ತದೆ, ರಸ್ತೆ ಹೆಸರು ಕೇಳುತ್ತದೆ. ನಮ್ಮಲ್ಲಿ ಮನೆಗೆ ಹೆಸರೇ ಗುರುತು, ದಾರಿ ಹೇಳುವುದು ಭಜನಾ ಮಂದಿರದಿಂದ. ಅದನ್ನೆಲ್ಲ ತುಂಬಿಸಲು ಜಾಗವೇ ಇರುವುದಿಲ್ಲ. ಕೊರಿಯರಿನ ಹುಡುಗ ಫೋನ್ ಮಾಡಿ “ಚೇಟ್ಟಾ, ವೀಡ್ ಎವಿಡೆಯಾ?” (ಅಣ್ಣಾ, ಮನೆ ಎಲ್ಲಿ?) ಅನ್ನುತ್ತಾನೆ. ನಾನು ಮಂಗಳೂರಿನ ಆಫೀಸಿನಲ್ಲಿ ಕೂತು ಅರ್ಧ ಮಲಯಾಳ, ಅರ್ಧ ತುಳುವಿನಲ್ಲಿ ದಾರಿ ಹೇಳುತ್ತೇನೆ. ಅವನು “ಶರಿ ಶರಿ” ಅಂದು ಇಡುತ್ತಾನೆ. ಸಂಜೆ ನೋಡಿದರೆ ‘ವಿಳಾಸ ಸಿಗಲಿಲ್ಲ’ ಅಂತ ಮೆಸೇಜು. ಮರುದಿನ ರಜೆ ಹಾಕಿ ಕಾಸರಗೋಡು ಪೇಟೆಗೆ ಹೋಗಿ ನಾವೇ ತರಬೇಕು. ಹುಡುಗನ ಮೇಲೆ ಸಿಟ್ಟಿಲ್ಲ, ಆ ಮಳೆಯಲ್ಲಿ ಬೈಕಿನಲ್ಲಿ ತಿರುಗುವವನು ಅವನು.

ಹೀಗೇ ಒಂದು ಎರಡು ಮೂರು ಬಂದವು. ನಾಲ್ಕು ಬರಲಿಲ್ಲ. ಐದು ಬಂತು. ನಾಲ್ಕನ್ನು ಕಳಿಸಿದ್ದೇವೆ ಅಂತ ಅಂಗಡಿಯವರು, ವಾಪಸ್ ಹೋಗಿದೆ ಅಂತ ಕೊರಿಯರಿನವರು. ಕೊನೆಗೆ ದುಡ್ಡೇನೋ ವಾಪಸ್ ಬಂತು, ಅಷ್ಟರಲ್ಲಿ ಅಂಗಡಿಯಲ್ಲಿ ಸ್ಟಾಕ್ ಮುಗಿದಿತ್ತು. ಆ ನಾಲ್ಕನೆಯದರಲ್ಲಿ ಹೊಡೆದಾಟ ಏನಿಲ್ಲ. ಪೀಟರ್, ಮೇರಿ ಜೇನ್, ಹ್ಯಾರಿ ಆಸ್ಬರ್ನ್, ಗ್ವೆನ್ ಸ್ಟೇಸಿ, ಎರಡು ಜೋಡಿ ಊಟಕ್ಕೆ ಕೂತು ಮಾತಾಡುತ್ತಾರೆ. ಇಡೀ ಸರಣಿಯಲ್ಲಿ ನನಗೆ ಅತಿ ಇಷ್ಟದ ಸಂಚಿಕೆ ಈಗ ಅದೇ, ಡೇವಿಡ್ ಮೆಸ್ಸಿನಾ ಚಿತ್ರಿಸಿದ ಆ ಮುಖಗಳನ್ನು ಎಷ್ಟು ನೋಡಿದರೂ ಸಾಕಾಗುವುದಿಲ್ಲ. ಅದು ಕೈಗೆ ಸಿಕ್ಕಿದ್ದು ಸಂಪುಟದಲ್ಲಿ.

ಬಂದವುಗಳ ಗತಿಯೂ ಕೇಳಿ. ಬಿಡಿ ಸಂಚಿಕೆಯ ಬೆನ್ನಿಗೆ ಎರಡು ಸ್ಟೇಪ್ಲರ್ ಪಿನ್ನು. ಪ್ಲಾಸ್ಟಿಕ್ ಕವರು, ಹಿಂದೆ ರಟ್ಟು, ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ, ಎಲ್ಲ ಮಾಡಿದ್ದೆ. ಆಟಿ ತಿಂಗಳ ಮಳೆ ಮುಗಿಯುವಾಗ ತೆಗೆದರೆ ಪಿನ್ನಿಗೆ ತುಕ್ಕು. ನಡುಪುಟದಲ್ಲಿ ಪಿನ್ನಿನ ಸುತ್ತ ಚಹಾ ಬಣ್ಣದ ಕಲೆ, ಅದು ಆಚೆ ಪುಟಕ್ಕೂ ಇಳಿದಿದೆ. ನುಣುಪು ಕಾಗದಕ್ಕೆ ತೇವ ಹಿಡಿದು ಎರಡು ಪುಟ ಅಂಟಿಕೊಂಡಿದ್ದವು. ಬಿಡಿಸುವಾಗ ಬಣ್ಣ ಸ್ವಲ್ಪ ಎದ್ದು ಬಂತು. ಅಡಿಕೆಗೇ ಬೂಸು ಬರುವ ಊರಿನಲ್ಲಿ ಕಾಗದ ಉಳಿಯುವುದುಂಟಾ!

ಟ್ಯಾಬಿನ ವಿಷಯ ಚಿಕ್ಕದು. ಕಂಪನಿಯದೇ ಓದುವ ಆ್ಯಪ್ ಆದ ಮಾರ್ವೆಲ್ ಅನ್‌ಲಿಮಿಟೆಡ್‌ಗೆ ಚಂದಾ ಕಟ್ಟಿದರೆ ಹೊಸ ಸಂಚಿಕೆ ಸುಮಾರು ಮೂರು ತಿಂಗಳ ನಂತರ ಅದರಲ್ಲಿ ಬರುತ್ತದೆ, ಜೊತೆಗೆ ಹಳೆಯದರ ರಾಶಿಯೇ ಇದೆ. 2000ದ ಸರಣಿಯನ್ನು ನಾನು ಓದಿದ್ದು ಅಲ್ಲೇ. ತೇವದ ಹೆದರಿಕೆ ಇಲ್ಲ, ಕರೆಂಟು ಹೋದರೂ ಬ್ಯಾಟರಿ ಇರುವಷ್ಟು ಹೊತ್ತು ಓದಬಹುದು, ರೈಲಿನಲ್ಲಿ ನಿಂತೇ ಓದಬಹುದು. ಆದರೆ ಚಂದಾ ನಿಲ್ಲಿಸಿದ ದಿನ ಎಲ್ಲವೂ ಹೋಯಿತು. ಎರಡು ಪುಟಕ್ಕೆ ಹರಡಿದ ಚಿತ್ರ ಬಂದರೆ ಟ್ಯಾಬನ್ನು ಅಡ್ಡ ತಿರುಗಿಸಬೇಕು, ಆಗ ಮಾತುಗಳು ಇರುವೆ ಸಾಲಿನಷ್ಟಾಗುತ್ತವೆ. ಒಂದೊಂದೇ ಚೌಕ ತೋರಿಸುವ ಸೌಲಭ್ಯ ಉಂಟು, ನನಗಂತೂ ಬೇಡ. ಇಡೀ ಪುಟ ಒಮ್ಮೆ ಕಣ್ಣಿಗೆ ಬಿದ್ದರೇ ಕಾಮಿಕ್ಸ್ ಓದಿದ ಹಾಗೆ ಅಲ್ವಾ?

ಸಂಪುಟಕ್ಕೂ ಕೊರತೆ ಇದೆ. ಬೆನ್ನಿಗೆ ಗೋಂದು ಹಾಕಿರುವುದರಿಂದ ಪೂರ್ತಿ ಬಿಚ್ಚುವುದಿಲ್ಲ, ಹರಡಿದ ಚಿತ್ರದ ನಡುಭಾಗ ಮಡಿಕೆಯೊಳಗೆ ಸೇರಿಕೊಳ್ಳುತ್ತದೆ. ಆರೂ ಸಂಚಿಕೆ ಬಂದು ಮುಗಿಯುವವರೆಗೆ ಕಾಯಬೇಕು, ಅಷ್ಟರಲ್ಲಿ ಕಥೆಯ ಗುಟ್ಟನ್ನೆಲ್ಲ ಯಾರಾದರೂ ಹೇಳಿಬಿಟ್ಟಿರುತ್ತಾರೆ. ಆದರೂ ನಾನು ಖರ್ಚು ಮಾಡಿದ ಲೆಕ್ಕದಲ್ಲಿ ಆರು ಬಿಡಿ ಸಂಚಿಕೆಯ ಅರ್ಧ ದುಡ್ಡಿಗೂ ಕಡಿಮೆ ಬಿತ್ತು, ಆರು ಸಲದ ಕೊರಿಯರಿನ ಬದಲು ಒಂದೇ ಸಲದ್ದು. ನಡುವೆ ಜಾಹೀರಾತು ಇಲ್ಲ, ತುಕ್ಕು ಹಿಡಿಯಲು ಪಿನ್ನೂ ಇಲ್ಲ.

ನನ್ನ ಓದು ರಾತ್ರಿ ಊಟದ ಮೇಲೆ, ಮಲಗಿಕೊಂಡು. ಓದಿದ್ದನ್ನೇ ಮತ್ತೆ ಓದುವ ಚಾಳಿ ಬೇರೆ. ಮೊದಲ ಸಂಪುಟದ ಮೂಲೆಗಳು ಈಗಾಗಲೇ ಮಡಚಿವೆ, ಮಗಳು ಒಂದು ಪುಟಕ್ಕೆ ಪೆನ್ಸಿಲ್ಲಿನಲ್ಲಿ ಮೀಸೆ ಬರೆದಿದ್ದಾಳೆ. ಬಿಡಿ ಸಂಚಿಕೆ ಆಗಿದ್ದರೆ ಎದೆ ಒಡೆಯುತ್ತಿತ್ತು, ಅದನ್ನು ಕೂಡಿಡುವ ವಸ್ತು ಅಂತಲೇ ಕೊಂಡಿದ್ದೆನಲ್ಲ. ಇದಕ್ಕೆ ನಕ್ಕು ಸುಮ್ನಾದೆ.

7ರಿಂದ 12ರವರೆಗಿನ ಎರಡನೇ ಸಂಪುಟಕ್ಕೆ ಮಂಗಳೂರಿನ ಆಫೀಸಿನ ವಿಳಾಸ ಕೊಟ್ಟೆ. ಅಲ್ಲಿ ಕಟ್ಟಡಕ್ಕೆ ನಂಬರ್ ಉಂಟು, ರಸ್ತೆಗೆ ಹೆಸರೂ ಉಂಟು. ಫೋನೇ ಬರಲಿಲ್ಲ, ಪುಸ್ತಕ ಬಂತು.