ಪಂಪ್ ಮನೆಗೂ ಅಡುಗೆಮನೆಗೂ: ಮೂರು ರೀಚಾರ್ಜ್ ಟಾರ್ಚ್‌ಗಳ ಹೋಲಿಕೆ

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಪಂಪ್‌ಸೆಟ್, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮತ್ತು ಮೋಟಾರು ಚಾಲೂ ಮಾಡುವ ಸ್ಟಾರ್ಟರ್‌ಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ತಡವಾದರೆ ರೊಬಸ್ಟಾ ತೋಟದವರೆಲ್ಲ ಒಂದೇ ವಾರದಲ್ಲಿ ಸ್ಪ್ರಿಂಕ್ಲರ್ ಹೂಡುತ್ತಾರೆ. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ಪಂಪ್ ಕೆಡುವುದೂ ರಾತ್ರಿಯೇ. ನಮ್ಮ ಕಡೆ ಟಾರ್ಚಿಗೆ ‘ಬ್ಯಾಟ್ರಿ’ ಎಂದೇ ಹೆಸರು. ಅಪ್ಪನ ಕಾಲದ ಮೂರು ಸೆಲ್ಲಿನ ಬ್ಯಾಟ್ರಿಯನ್ನು ಕಂಕುಳಲ್ಲಿ ಅವುಚಿಕೊಂಡು, ಎರಡೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆ, ಜೇಬಿನಲ್ಲಿ ಹಿಡಿಯುವಂತಹ, ಮನೆಯಲ್ಲೂ ಉಪಯೋಗಕ್ಕೆ ಬರುವಂತಹ ಒಂದನ್ನು ಕೊಳ್ಳಬೇಕೆಂದು ಹೊರಟವನು ಕೊನೆಗೆ ಮೂರನ್ನು ಕೊಂಡೆ. ಕಳೆದ ಮಳೆಗಾಲದಿಂದ ಈ ಬೇಸಿಗೆಯವರೆಗೆ ಮೂರನ್ನೂ ಸರದಿಯ ಮೇಲೆ ಬಳಸಿದ್ದೇನೆ.

ಮೊದಲನೆಯದು ನೇರವಾದ ಕೊಳವೆಯಾಕಾರದ್ದು. ಒಳಗೆ 18650 ಎಂಬ ಅಳತೆಯ, ತೆಗೆದು ಹಾಕಬಹುದಾದ ಲಿಥಿಯಂ ಸೆಲ್, ಬಾಲದಲ್ಲಿ ಗುಂಡಿ. ಎರಡನೆಯದು ಚಪ್ಪಟೆಯಾದ, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಕೂರುವ ಪುಟ್ಟ ಟಾರ್ಚ್. ಅದರ ಸೆಲ್ ಒಳಗೇ ಮುಚ್ಚಿಹೋಗಿದೆ. ಮೂರನೆಯದು ಎಲ್ ಆಕಾರದ್ದು: ತಲೆ ಪಕ್ಕಕ್ಕೆ ತಿರುಗಿದೆ, ಬುಡದಲ್ಲಿ ಅಯಸ್ಕಾಂತವಿದೆ, ಕ್ಲಿಪ್ಪಿನಿಂದ ಜೇಬಿಗೂ ಪಟ್ಟಿಯಿಂದ ತಲೆಗೂ ಕಟ್ಟಿಕೊಳ್ಳಬಹುದು, ಸೆಲ್ ಕೊಳವೆಯದರಂತೆಯೇ 18650.

ಪೆಟ್ಟಿಗೆಯ ಮೇಲಿನ ಲ್ಯುಮೆನ್ ಸಂಖ್ಯೆಯಿಂದ, ಅಂದರೆ ಟಾರ್ಚ್ ಹೊರಸೂಸುವ ಒಟ್ಟು ಬೆಳಕಿನ ಅಳತೆಯಿಂದ, ಇವುಗಳ ನಡುವೆ ಆಯ್ಕೆ ಮಾಡಲಾಗದು. ಕೊಳವೆಯದು 1200 ಎನ್ನುತ್ತದೆ, ಎಲ್ ಆಕಾರದ್ದು 1000 ಎನ್ನುತ್ತದೆ. ಎರಡೂ ಆ ಬೆಳಕನ್ನು ಕೊಡುವುದು ಎರಡು ಮೂರು ನಿಮಿಷ ಮಾತ್ರ. ಅಷ್ಟು ಬೆಳಕಿಗೆ ಸೆಲ್ಲಿನಿಂದ ಸುಮಾರು ಹತ್ತು ವ್ಯಾಟ್ ಎಳೆಯಬೇಕಾಗುತ್ತದೆ, ಅದರ ಬಹುಪಾಲು ಶಾಖವಾಗುತ್ತದೆ, ಮುಷ್ಟಿಯೊಳಗಿನ ಅಲ್ಯುಮಿನಿಯಂ ಕೊಳವೆ ಆ ಶಾಖವನ್ನು ಹೊರಹಾಕಲಾರದೆ ಬಿಸಿಯಾಗುತ್ತದೆ, ಆಗ ಒಳಗಿನ ಸರ್ಕ್ಯೂಟ್ ತಾನಾಗಿಯೇ ಬೆಳಕನ್ನು ತಗ್ಗಿಸುತ್ತದೆ. ಇದು ದೋಷವಲ್ಲ, ಸೆಲ್ಲಿಗೂ ಕೈಗೂ ಇರುವ ರಕ್ಷಣೆ. ಆದ್ದರಿಂದ ನಾನು ನೋಡಿದ್ದು 150 ಲ್ಯುಮೆನ್ ಆಸುಪಾಸಿನ ಮಧ್ಯಮ ಬೆಳಕು ಎಷ್ಟು ಹೊತ್ತು ಬರುತ್ತದೆ ಎಂಬುದನ್ನು. 18650 ಸೆಲ್ಲಿನ ಎರಡೂ ಟಾರ್ಚ್‌ಗಳು ಸಂಜೆ ಆರರಿಂದ ಮಧ್ಯರಾತ್ರಿ ಸಮೀಪದವರೆಗೆ ಉರಿದವು. ಚಪ್ಪಟೆಯದು ಎರಡೂವರೆ ಗಂಟೆಗೆ ಕಣ್ಣು ಮುಚ್ಚಿತು.

ದೂರ ಎಸೆಯುವುದರಲ್ಲಿ ಕೊಳವೆಯದೇ ಮೇಲು. ಅದರ ಆಳವಾದ ಪ್ರತಿಫಲಕ ಬೆಳಕನ್ನು ಒಂದೇ ಕಡೆ ಒಟ್ಟುಗೂಡಿಸುತ್ತದೆ, ಅದನ್ನು ಅಳೆಯುವ ಮಾನ ಲ್ಯುಮೆನ್ ಅಲ್ಲ, ಕ್ಯಾಂಡೆಲಾ. ಪೆಟ್ಟಿಗೆಯ ಮೇಲೆ 10,000 ಕ್ಯಾಂಡೆಲಾ ಎಂದಿದ್ದರೆ ದೂರ 200 ಮೀಟರ್ ಎಂದು ಬರೆದಿರುತ್ತಾರೆ. ಆದರೆ ಆ ಲೆಕ್ಕದಲ್ಲಿ 200 ಮೀಟರ್ ಆಚೆ ಬೀಳುವ ಬೆಳಕು ಕೇವಲ 0.25 ಲಕ್ಸ್, ಅಂದರೆ ಹುಣ್ಣಿಮೆಯ ಬೆಳದಿಂಗಳಿನಷ್ಟು. ಗೇಟಿನ ಬಳಿ ನಿಂತು ಕೆರೆ ಏರಿಯ ಮೇಲಿನ ಪಂಪ್ ಮನೆಯ ಬಾಗಿಲು ತೆರೆದಿದೆಯೇ ಎಂದು ನೋಡಲು ಇದು ಸಾಕು. ಸಕಲೇಶಪುರ, ಆಲೂರು ಕಡೆಯ ತೋಟಗಳಿಗೆ ಹೋದಾಗ ಆನೆ ಸುತ್ತಮುತ್ತ ಇದೆ ಎಂಬ ಸುದ್ದಿ ಇದ್ದರೆ ನಾನು ಯಾವ ಟಾರ್ಚ್ ಹಿಡಿದೂ ಹೊರಡುವುದಿಲ್ಲ. ಆ ಪಂಪ್ ಬೆಳಗಿನವರೆಗೆ ಕಾಯಬಹುದು.

ಆದರೆ ರಿಪೇರಿ ನಡೆಯುವುದು 200 ಮೀಟರ್ ದೂರದಲ್ಲಿ ಅಲ್ಲ, ಒಂದು ಮೊಳ ದೂರದಲ್ಲಿ. ಅಲ್ಲಿ ಕೊಳವೆಯ ತೀಕ್ಷ್ಣವಾದ ನಡುಬೆಳಕು ಸ್ಟಾರ್ಟರಿನ ಲೋಹದ ತಗಡಿಗೆ ಬಡಿದು ಕಣ್ಣಿಗೇ ವಾಪಸಾಗುತ್ತದೆ, ಅದರ ಅಂಚಿನಾಚೆ ಏನೂ ಕಾಣುವುದಿಲ್ಲ. ಎಲ್ ಆಕಾರದ್ದನ್ನು ಪೆಟ್ಟಿಗೆಯ ಬಾಗಿಲಿಗೆ ಅಯಸ್ಕಾಂತದಿಂದ ಅಂಟಿಸಿದರೆ ಬೆಳಕು ಹರಡಿಕೊಂಡು ಒಳಗಿನ ಕಾಂಟ್ಯಾಕ್ಟರ್ ಎಂಬ ಸ್ವಿಚ್ಚಿನ ಮೇಲೆ ಬೀಳುತ್ತದೆ, ಎರಡೂ ಕೈ ಬಿಡುವಾಗುತ್ತವೆ. ಈಚಿನ ಪ್ಲಾಸ್ಟಿಕ್ ಪೆಟ್ಟಿಗೆಗಳಿಗೆ ಮಾತ್ರ ಅಯಸ್ಕಾಂತ ಅಂಟುವುದಿಲ್ಲ. ಅಲ್ಲಿ ಅಂಗಿಯ ಜೇಬಿಗೆ ಸಿಕ್ಕಿಸಿಕೊಳ್ಳುತ್ತೇನೆ.

ಬಣ್ಣದ ವಿಷಯಕ್ಕೆ ನಾನು ಮೊದಲು ಗಮನವನ್ನೇ ಕೊಟ್ಟಿರಲಿಲ್ಲ. ಮೂರು ಫೇಸ್‌ಗಳ ವೈರ್ ಕೆಂಪು, ಹಳದಿ, ನೀಲಿ. ಹತ್ತು ಹದಿನೈದು ವರ್ಷ ಶೀತ, ಜೇಡರಬಲೆ, ಇಲಿ ಕಂಡ ಪೆಟ್ಟಿಗೆಯಲ್ಲಿ ಈ ಬಣ್ಣಗಳು ಮಾಸಿಹೋಗಿರುತ್ತವೆ. ಕೊಳವೆಯ ನೀಲಿಛಾಯೆಯ ಬಿಳಿ ಬೆಳಕಿನಲ್ಲಿ ಮಾಸಿದ ಕೆಂಪು ಕಂದಾಗಿ ಕಾಣುತ್ತದೆ, ಹಳದಿ ಕೊಳೆಯಾದ ಬಿಳಿಯಂತೆ ಕಾಣುತ್ತದೆ. ಒಮ್ಮೆ ಹಾಗೆಯೇ ಎರಡು ಫೇಸ್ ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗಿತು. ಸದ್ದಿನಿಂದ ಗೊತ್ತಾಗಿ ತಕ್ಷಣ ನಿಲ್ಲಿಸಿದೆ. ಎಲ್ ಆಕಾರದ್ದರ ಬಣ್ಣ ನಿರೂಪಣಾ ಸೂಚ್ಯಂಕ (ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದಕ್ಕೆ 100ರವರೆಗಿನ ಅಂಕ), ಅಂದರೆ ಸಿಆರ್‌ಐ, 90ಕ್ಕಿಂತ ಹೆಚ್ಚು ಎಂದು ತಯಾರಕರು ಹೇಳುತ್ತಾರೆ. ನಾನು ಕಂಡಂತೆ ಅದರ ಬೆಳಕಿನಲ್ಲಿ ಕೆಂಪು ಕೆಂಪಾಗಿಯೇ ಉಳಿಯುತ್ತದೆ. ಇಂತಹ ಎಲ್ಇಡಿಗಳು ಅದೇ ಕರೆಂಟಿಗೆ ಸ್ವಲ್ಪ ಕಡಿಮೆ ಲ್ಯುಮೆನ್ ಕೊಡುತ್ತವೆ, ಹೀಗಾಗಿ ಪೆಟ್ಟಿಗೆಯ ಸಂಖ್ಯೆ ನೋಡಿ ಕೊಳ್ಳುವವರಿಗೆ ಇವು ಬಡವಾಗಿ ತೋರುತ್ತವೆ.

ಚಪ್ಪಟೆ ಟಾರ್ಚಿನ ದೊಡ್ಡ ದೋಷ ನನಗೆ ಸಿಕ್ಕಿದ್ದು ಡಿಸೆಂಬರಿನಲ್ಲಿ, ಪಲ್ಪರ್ ಮನೆಯಲ್ಲಿ. ಓಡುತ್ತಿದ್ದ ಚಕ್ರದ ಮೇಲೆ ಅದರ ಮಂದ ಬೆಳಕು ಬಿಟ್ಟಾಗ ಚಕ್ರದ ಕಡ್ಡಿಗಳು ನಿಧಾನವಾಗಿ ಹಿಂದಕ್ಕೆ ತೆವಳುತ್ತಿರುವಂತೆ ಕಂಡವು. ಬೆಳಕನ್ನು ಮಂದಗೊಳಿಸಲು ಎಲ್ಇಡಿಯನ್ನು ಸೆಕೆಂಡಿಗೆ ನೂರಾರು ಬಾರಿ ಆರಿಸಿ ಹೊತ್ತಿಸುವ ಅಗ್ಗದ ಉಪಾಯದ ಫಲವಿದು. ಕಣ್ಣಿಗೆ ಸ್ಥಿರವಾಗಿ ಕಾಣುವ ಬೆಳಕಿನಲ್ಲಿ ತಿರುಗುವ ಚಕ್ರ ನಿಂತಂತೆ ತೋರಬಹುದು, ಬೆಲ್ಟಿನ ಹತ್ತಿರ ಕೈ ಇರುವವನಿಗೆ ಇದು ಅಪಾಯ. ಮೊಬೈಲ್ ಕ್ಯಾಮೆರಾವನ್ನು ಅದರ ಕಡೆ ಹಿಡಿದರೆ ಪರದೆಯ ಮೇಲೆ ಪಟ್ಟಿಗಳು ಓಡುವುದು ಕಾಣುತ್ತದೆ. ಅಂಗಡಿಯಲ್ಲಿ ನಿಂತೇ ಈ ಪರೀಕ್ಷೆ ಮಾಡಬಹುದಿತ್ತು. ಇನ್ನೆರಡರಲ್ಲಿ ಪಟ್ಟಿಗಳಿಲ್ಲ.

ಚಾರ್ಜಿಂಗ್‌ನಲ್ಲಿಯೂ ಮೂರಕ್ಕೆ ಮೂರು ಬಗೆಯ ಸ್ವಭಾವ. ಚಪ್ಪಟೆಯದಕ್ಕೆ ಅದರದೇ ಅಯಸ್ಕಾಂತದ ಕೇಬಲ್ ಬೇಕು. ಬೈಕಿನ ಡಿಕ್ಕಿಯಲ್ಲಿ ಬಿದ್ದಿದ್ದ ಆ ಕೇಬಲ್ಲಿನ ಮೂತಿಗೆ ಕಬ್ಬಿಣದ ಅರಪುಡಿ ಮೆತ್ತಿಕೊಂಡಿರುತ್ತದೆ, ಕಳೆದುಹೋದರೆ ಟಾರ್ಚೂ ಹೋದಂತೆಯೇ. ಕೊಳವೆಯದಕ್ಕೆ ಟೈಪ್-ಸಿ ಕಿಂಡಿ ಇದೆ, ಆದರೆ ಎರಡೂ ತುದಿ ಟೈಪ್-ಸಿ ಇರುವ ಮೊಬೈಲ್ ಕೇಬಲ್ ಸಿಕ್ಕಿಸಿದರೆ ಚಾರ್ಜ್ ಆಗುವುದೇ ಇಲ್ಲ. ಕೆಟ್ಟಿದೆಯೆಂದು ಬಿಚ್ಚಿ ನೋಡಿದೆ; ಚಾರ್ಜರಿಗೆ ‘ಇಲ್ಲೊಂದು ಉಪಕರಣವಿದೆ’ ಎಂದು ತಿಳಿಸುವ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರ್‌ಗಳನ್ನು ತಯಾರಕರು ಹಾಕಿಯೇ ಇಲ್ಲ. ಹಳೆಯ ಅಗಲ ಮೂತಿಯ ಚಾರ್ಜರಿನಿಂದ ಬರುವ ಕೇಬಲ್ಲಿನಲ್ಲಿ ಯಾವ ತಕರಾರೂ ಇಲ್ಲದೆ ತುಂಬಿಕೊಳ್ಳುತ್ತದೆ. ಎಲ್ ಆಕಾರದ್ದು ಯಾವ ಕೇಬಲ್ಲನ್ನೂ ಒಪ್ಪುತ್ತದೆ.

ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟೇ ಬಾರದಿದ್ದಾಗ ಕೇಬಲ್ಲಿನ ಮಾತೇ ವ್ಯರ್ಥ. ಆಗ ನೆರವಿಗೆ ಬಂದದ್ದು ತುಂಬಿಸಿಟ್ಟಿದ್ದ ಇನ್ನೊಂದು 18650 ಸೆಲ್, ಅದನ್ನು ಹಾಕಲು ಅರ್ಧ ನಿಮಿಷ ಸಾಕಾಯಿತು. ಈ ಹೆಸರೇ ಅದರ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಒಳ್ಳೆಯ ಸೆಲ್ 2,600ರಿಂದ 3,500 ಮಿಲಿಆಂಪಿಯರ್ ಅವರ್ ಹಿಡಿಯುತ್ತದೆ, ತೂಕ 45 ಗ್ರಾಂ ಅಥವಾ ಸ್ವಲ್ಪ ಹೆಚ್ಚು. ಸಂತೆಯಲ್ಲಿ 9,900 ಎಂದು ಬರೆದಿದ್ದ ಸೆಲ್ಲೊಂದನ್ನು ಕೊಂಡು ತೂಗಿದರೆ 30 ಗ್ರಾಮಿಗೂ ಸ್ವಲ್ಪವೇ ಮೇಲಿತ್ತು. ಅದನ್ನು ಟಾರ್ಚಿಗೆ ಹಾಕುವ ಧೈರ್ಯ ಬರಲಿಲ್ಲ. ಬಿಡಿ ಸೆಲ್ಲನ್ನು ಬೀಗದ ಕೈಗಳ ಜೊತೆ ಜೇಬಿಗೆ ಹಾಕಿದರೆ ಎರಡು ತುದಿಗಳು ಲೋಹದಿಂದ ಸೇರಿ ಬೆಂಕಿಯೇ ಹೊತ್ತಬಹುದಾದ್ದರಿಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಒಯ್ಯುತ್ತೇನೆ.

ಮಳೆಗೆ ಮೂರೂ ಬಾಳಿದವು. ಎಲ್ ಆಕಾರದ್ದರ ಕಿಂಡಿಯ ರಬ್ಬರ್ ಮುಚ್ಚಳ ಮಾತ್ರ ಸಡಿಲವಾಗಿದೆ, ಚಾರ್ಜ್ ಮಾಡುವ ಮುನ್ನ ಒರೆಸಿ ಒಣಗಿಸಬೇಕಾಗುತ್ತದೆ. ಮಂಜು ಕವಿದಾಗ ತಲೆಗೆ ಕಟ್ಟಿದ ಬೆಳಕು ಕಣ್ಣಮುಂದೆ ಬಿಳಿ ಗೋಡೆಯಾಗುತ್ತದೆ, ಅದನ್ನೇ ಬಿಚ್ಚಿ ಸೊಂಟದ ಬೆಲ್ಟಿಗೆ ಸಿಕ್ಕಿಸಿದರೆ ದಾರಿ ಕಾಣುತ್ತದೆ. ಚಾರ್ಮಾಡಿ ಕಡೆ ಹೋಗಿಬಂದ ರಾತ್ರಿಯಲ್ಲಿ ಇದನ್ನು ಕಲಿತೆ.

ಒಂದನ್ನೇ ಕೊಳ್ಳುವವರಿಗೆ ನಾನು ಹೇಳುವುದು ಎಲ್ ಆಕಾರದ್ದನ್ನು, ಅದಕ್ಕೊಂದು ಹೆಚ್ಚುವರಿ ಸೆಲ್ಲಿನ ಸಮೇತ. ಕಾವಲಿನವರಿಗೆ, ದೂರ ನೋಡಬೇಕಾದವರಿಗೆ ಕೊಳವೆ ಸರಿ. ನನ್ನದು ಈಗ ಬೈಕಿನಲ್ಲಿರುತ್ತದೆ, ಜೊತೆಗೆ ಅದರ ಹಳೆಯ ಕೇಬಲ್ಲೂ. ಚಪ್ಪಟೆಯದನ್ನು ಯಂತ್ರಗಳ ಹತ್ತಿರ ಒಯ್ಯುವುದಿಲ್ಲ. ಅದು ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ. ಕರೆಂಟ್ ಹೋದಾಗ ಒಗ್ಗರಣೆ ಸೀಯದಂತೆ ನೋಡಿಕೊಳ್ಳಲು ಇದಕ್ಕಿಂತ ಒಳ್ಳೆಯದು ಬೇಡವೆಂದು ಹೆಂಡತಿ ಹೇಳಿದ್ದಾಳೆ, ಅದರ ಕೇಬಲ್ಲನ್ನೂ ನನ್ನ ಕೈಗೆ ಸಿಗದ ಕಡೆ ಇಟ್ಟಿದ್ದಾಳೆ.